ಬಿಂದುಮಾಧವರಾಯರ ಹುಚ್ಚು ಯಾವ ಬಗೆಯದು

ಬಿಂದುಮಾಧವರಾಯರ ವರ್ಷಾಂತಿಕ ಮುಗಿದು, ಬ್ರಾಹ್ಮಣರ ಊಟವಾಗಿ, ಮನೆಯವರೆಲ್ಲ ಎಲೆಯ ಮುಂದೆ ಕುಳಿತಾಗ ಅವರ ಪತ್ನಿ ವಾರಿಜಾಕ್ಷಿಬಾಯಿಯವರ ಕಿವಿಗೆ ಆ ಎರಡು ಶಬ್ದಗಳು ಮೊದಲ ಸಲ ಬಿದ್ದವು.

"ಏ ನರ್ಡ್, ಸಾರು ಎಲಿ ದಾಟಿ ಹೊಂಟದ ನೋಡು," ಎಂದಳು ಮೊಮ್ಮಗಳು ಅನ್ವಿತಾ.

ಮೊಮ್ಮಗ ಶಶಾಂಕ ಅನ್ನದ ಅಣೆಕಟ್ಟು ಕಟ್ಟಿ ಸಾರನ್ನು ತಡೆದು, ತಲೆಯೆತ್ತದೆಯೇ, "ನೀ ಸುಮ್ಕಿರು, ಗೀಕ್," ಎಂದನು.

ಅನ್ವಿತಾ ಮಗನ ಮಗಳು. ನಾಸಿಕದಲ್ಲಿ ಇದೇ ಮನೆಯಲ್ಲಿ ಬೆಳೆದವಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಶಶಾಂಕ ಮಗಳು ಊರ್ಮಿಳೆಯ ಮಗ. ಛತ್ರಪತಿ ಸಂಭಾಜಿನಗರದಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದನು. ಸಣ್ಣಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೆಣಕದೆ ಒಂದು ಊಟವನ್ನೂ ಮುಗಿಸಿದವರಲ್ಲ.

"ಏನದು, ಬೈಗುಳ ಏನು?" ಎಂದು ವಾರಿಜಾಕ್ಷಿಬಾಯಿ ಕೇಳಿದರು.

"ಬೈಗುಳಲ್ಲರೀ ಅಜ್ಜಿ. ಮ್ಹಣಜೇ... ಥೋಡೆ ಬೈಗುಳನ. ಆದ್ರ ಪ್ರೀತೀದು," ಎಂದಳು ಅನ್ವಿತಾ, ನಡುವೆ ಮರಾಠಿ ಬೆರೆಸಿ.

"ಎರಡಕ್ಕೂ ಅರ್ಥ ಒಂದೇ?"

"ಛೇ!" ಎಂದರು ಇಬ್ಬರೂ ಒಟ್ಟಿಗೆ. ಅಂದು ಅವರಿಬ್ಬರಿಗೆ ಒಮ್ಮತವಿದ್ದದ್ದು ಅದೊಂದೇ ವಿಷಯದಲ್ಲಿ.

"ನರ್ಡ್ ಅಂದ್ರ ಪುಸ್ತಕದಾಗ ಮುಖ ಇಟ್ಕೊಂಡು ಮಂದೀನ್ನ ಮರೆಯೋನು," ಎಂದಳು ಅನ್ವಿತಾ. "ಬಸ್ ಬಂತು ಅಂದ್ರೂ ಏಳಂಗಿಲ್ಲ. ಗೀಕ್ ಅಂದ್ರ ಒಂದರ ಹುಚ್ಚು ಹಿಡಿದೋರು. ಅದರ ಸುದ್ದಿ ಎಲ್ಲಾರ್ಗೂ ಹೇಳ್ಬೇಕು, ಅದರ ಸಾಮಾನೆಲ್ಲಾ ಮನ್ಯಾಗ ಇರ್ಬೇಕು."

"ಗೀಕ್‌ಗೆ ಟೀ-ಶರ್ಟ್ ಬೇಕು," ಎಂದನು ಶಶಾಂಕ, ಹುಗ್ಗಿಯನ್ನು ಕಲೆಸುತ್ತ. "ನರ್ಡ್‌ಗೆ ಉತ್ತರ ಬೇಕು."

ಅನ್ವಿತಾಳ ಅಂಗಿಯ ಮೇಲೆ ಶನಿಗ್ರಹದ ಚಿತ್ರವಿತ್ತು. ಊರ್ಮಿಳಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಶ್ರಾದ್ಧದ ದಿನ ನಗುವುದೆಂದರೇನು ಎಂದು ವಾರಿಜಾಕ್ಷಿಬಾಯಿ ಗದರಿಸಬೇಕಾಗಿತ್ತು. ಆದರೆ ಅವರ ಮನಸ್ಸು ಆಗಲೇ ಮಹಡಿಯ ಕೋಣೆಗೆ ಹೋಗಿತ್ತು.

ಆ ಕೋಣೆಯಲ್ಲಿ ರಾಯರ ಕನ್ನಡಿ ಇತ್ತು.

ಓಝರದ ವಿಮಾನದ ಕಾರ್ಖಾನೆಯಲ್ಲಿ ರಾಯರು ತಪಾಸಣೆಯ ಕೆಲಸದಲ್ಲಿದ್ದವರು. ಜಮಖಂಡಿಯಿಂದ ಬಂದು ನಾಸಿಕದಲ್ಲಿ ನೆಲೆನಿಂತು, ನಿವೃತ್ತರಾಗಿ, ದುರ್ಬೀನು ಮಾಡುವ ಹುಚ್ಚು ಹಿಡಿಸಿಕೊಂಡರು. ಕೊಂಡು ತರಬಹುದಲ್ಲ ಎಂದರೆ ಕೇಳಲಿಲ್ಲ. ತಾಟಿನಷ್ಟು ಅಗಲದ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ತರಿಸಿದರು. ಉಸುಕು ತುಂಬಿದ ಎಣ್ಣೆಯ ಪೀಪಾಯಿಯ ಮೇಲೆ ಹಲಗೆ ಹಾಕಿ, ಒಂದು ಬಿಲ್ಲೆಯನ್ನು ಅದಕ್ಕೆ ಬಿಗಿದು, ನಡುವೆ ನೀರನ್ನೂ ತೇಯುವ ಪುಡಿಯನ್ನೂ ಹಾಕಿ, ದುರ್ಬೀನಿನ ಕನ್ನಡಿಯಾಗಬೇಕಾದ ಇನ್ನೊಂದನ್ನು ಮೇಲಿಟ್ಟು ತೇಯುತ್ತ ಪೀಪಾಯಿಯ ಸುತ್ತ ನಡೆಯುತ್ತಿದ್ದರು. ಬಾಯಲ್ಲಿ ವಿಷ್ಣುಸಹಸ್ರನಾಮ. ನಾಮಕ್ಕೊಂದು ಉಜ್ಜು.

"ಇದ್ಯಾವ ಹೊಸಾ ದೇವರು, ಪ್ರದಕ್ಷಿಣಿ ಹಾಕ್ಲಿಕ್ಕೆ?" ಎಂದು ಬಾಯಿಯವರು ಹಾಸ್ಯ ಮಾಡಿದ್ದುಂಟು.

ಮೊದಲು ಸಕ್ಕರೆಯಂಥ ಉರುಟು ಪುಡಿ, ಆಮೇಲೆ ರವೆಯಂಥದು, ಆಮೇಲೆ ಹಿಟ್ಟಿನಂಥದು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕೋಣೆಯ ನೆಲ ತೊಳೆಸಿ, ಕೈಯ ಉಗುರು ತಿಕ್ಕಿ, ಉಟ್ಟದ್ದನ್ನೂ ಬದಲಿಸುತ್ತಿದ್ದರು. ಹಿಂದಿನ ಪುಡಿಯ ಒಂದು ಕಣ ಉಳಿದರೂ ಗಾಜಿನ ಮೇಲೆ ಗೆರೆ ಬೀಳುತ್ತದೆ ಎನ್ನುತ್ತಿದ್ದರು. ಬಾಯಿಯವರಿಗೆ ಇದು ಮಡಿಯಂತೆಯೇ ಕಂಡು, ಅದೊಂದು ವಿಷಯದಲ್ಲಿ ಗಂಡನ ಮೇಲೆ ಗೌರವ ಹೆಚ್ಚಿತ್ತು. ಕೊನೆಗೆ ಕೆಳಗಿನ ಬಿಲ್ಲೆಗೆ ರಾಳ ಕಾಸಿ ಹೊಯ್ದು, ಇಟ್ಟಿಗೆಯ ಬಣ್ಣದ ನುಣ್ಣನೆಯ ಪುಡಿಯಿಂದ ಹೊಳಪು ಕೊಡುವ ಕೆಲಸ. ಅದು ಅರ್ಧವಾಗಿತ್ತು. ಒಂದು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಎದ್ದವರು ಎದೆ ಹಿಡಿದುಕೊಂಡು ಕುಳಿತರು. ಆಸ್ಪತ್ರೆಯ ಬಾಗಿಲು ಕಾಣುವುದರೊಳಗೆ ಹೋಗಿಬಿಟ್ಟಿದ್ದರು. ಅಂದಿನಿಂದ ಕನ್ನಡಿಯನ್ನು ಯಾರೂ ಮುಟ್ಟಿರಲಿಲ್ಲ.

ಊಟವಾದ ಮೇಲೆ ಶಶಾಂಕ ಅಜ್ಜಿಯ ಹತ್ತಿರ ಬಂದು, ಬಾಗಿಲ ಚೌಕಟ್ಟನ್ನು ಕೆರೆಯುತ್ತ, ಆ ಕನ್ನಡಿಯನ್ನು ತಾನು ಸಂಭಾಜಿನಗರಕ್ಕೆ ಒಯ್ಯಲೇ ಎಂದು ಕೇಳಿದನು. ಅದನ್ನು ಅಡಿಗೆಮನೆಯಿಂದ ಕೇಳಿಸಿಕೊಂಡ ಅನ್ವಿತಾ ಓಡಿ ಬಂದಳು.

"ನಕೋ! ಅದು ನಂದು. ನಾ ಪೂರಾ ಮಾಡ್ತೀನಿ. ನಿಫಾಡ್ ಕಡೆ ಹಳ್ಳಿ ಸಾಲಿಗೋಳಿಗೆ ಒಯ್ದು ಹುಡುಗ್ರಿಗೆಲ್ಲಾ ಆಕಾಶ ತೋರಸ್ತೀನಿ. ಅಜ್ಜಾ ಗೀಕ್ ಇದ್ರು. ಅವರಿಗೆ ಇದೇ ಬೇಕಾಗಿತ್ತು."

"ಅಜ್ಜಾ ನರ್ಡ್ ಇದ್ರು," ಎಂದನು ಶಶಾಂಕ.

ವಾರಿಜಾಕ್ಷಿಬಾಯಿ ಇಬ್ಬರ ಮುಖವನ್ನೂ ನೋಡಿದರು. ರಾಯರು ಕೈಯಿಂದ ಮಾಡುತ್ತಿದ್ದ ಕೊನೆಯ ಕೆಲಸ ಅದು. ಸಲ್ಲದ ಕೈಗೆ ಬಿದ್ದರೆ ಮೂಲೆಗೆ ಬೀಳುತ್ತದೆ, ಇಲ್ಲವೇ ಒಡೆಯುತ್ತದೆ. "ಯಾರು ಅವರ ಹಂಗ ಇದ್ದೀರೋ ಅವರಿಗೆ ಕೊಡ್ತೀನಿ. ಅವರು ಎಂಥವರಿದ್ರು ಅಂತ ಮೊದಲ ನನಗ ತಿಳೀಲಿ," ಎಂದರು.

ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಎಂಥವರೆಂದು ಈಗ ಹೊಸದಾಗಿ ವಿಚಾರಿಸಬೇಕಾಗಿ ಬಂದದ್ದು ಅವರಿಗೇ ವಿಚಿತ್ರವೆನಿಸಿತು. ಆದರೆ ಆ ವಿಚಾರ ಹೊಕ್ಕ ಮೇಲೆ ಬಿಡಲಿಲ್ಲ. ದೇವರ ಮುಂದೆ ಕುಳಿತಾಗ ಒಂದು ತುಲನೆ ತಾನಾಗಿ ಹೊಳೆಯಿತು. ತ್ರ್ಯಂಬಕೇಶ್ವರದಿಂದ ಪಾಲಕಿ ಹೊರಟಾಗ ತಾಳ ಹಿಡಿದು, ದಾರಿಯಲ್ಲಿ ಸಿಕ್ಕವರನ್ನೆಲ್ಲ "ಬಾರಪ್ಪಾ, ನೀನೂ ಬಾ" ಎಂದು ಎಳೆದುಕೊಂಡು ಹೋಗುವ ಭಕ್ತರಿದ್ದಾರೆ. ಗೋಮುಖಿಯ ಚೀಲದೊಳಗೆ ಕೈಯಿಟ್ಟು, ಜಪಸರ ಯಾರಿಗೂ ಕಾಣದಂತೆ ಎಣಿಸುವ ಭಕ್ತರೂ ಇದ್ದಾರೆ. ಮೊದಲಿನವರು ಗೀಕ್ ಇರಬೇಕು, ಎರಡನೆಯವರು ನರ್ಡ್. ಆದರೆ ರಾಯರು ತಾಳ ಹಿಡಿದವರೋ, ಜಪ ಹಿಡಿದವರೋ?

ರಾಯರ ಕಾರ್ಖಾನೆಯ ಗೆಳೆಯ ಚಿದಂಬರ ಒಂದು ಶನಿವಾರ ಓಝರದಿಂದ ಬಂದಾಗ ಬಾಯಿಯವರು ಚಹಾ ಕೊಟ್ಟು ವಿಷಯ ತೆಗೆದರು. ಚಿದಂಬರ ಧಾರವಾಡದ ಕಡೆಯವರು. ಬಾಯಿಯವರನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎಂದು ಕರೆಯುತ್ತಿದ್ದರು.

"ಅವಾ ಎರಡೂ ಅಲ್ರೀ ವೈನಿ. ಅವಾ ತಲಿನೋವು," ಎಂದು ಅವರು ಬಶಿಯಲ್ಲಿ ಚಹಾ ಸುರಿದುಕೊಂಡರು. "ಕ್ಯಾಂಟೀನ್‌ನಾಗ ನಾವು ಉಸಳ ತಿನ್ಲಿಕ್ಕೆ ಕೂತ್ರ, ಅವಾ ಚಮಚಾ ಎತ್ತಿ ಹಿಡ್ದು, ಇದರಾಗ ನಿನ್ನ ಮುಖ ಉಲ್ಟಾ ಯಾಕ ಕಾಣ್ತದ ಗೊತ್ತೇನು ಅಂತ ಶುರು ಮಾಡಾವ. ಉಸಳ ಆರಿ ಕಲ್ಲಾಗೋದು. ಯಾರ್ನೂ ಬಿಡ್ತಿದ್ದಿಲ್ಲ. ಸಾಹೇಬರ ಕಾರಿನ ಕನ್ನಡಿ ಮುಂದ ಸಾಹೇಬರ್ನೇ ನಿಲ್ಲಿಸಿ ಪಾಠ ಹೇಳ್ಯಾನ."

"ಅಂದ್ರ ಅನ್ವಿತಾನ ಹಂಗ," ಎಂದರು ಬಾಯಿಯವರು.

"ತಡೀರಿ ಇನ್ನೂ. ಒಮ್ಮೆ ಒಂದು ಅಳತಿ ಕೂಡಿ ಬರ್ಲಿಲ್ಲ ನೋಡ್ರಿ. ಆ ವಾರ ಪೂರ್ತಿ ಈ ಮನುಷ್ಯಾ ನನ್ನ ಜೋಡಿ ಒಂದು ಮಾತಾಡ್ಲಿಲ್ಲ. ಬಾಜೂಕ ಕೂತೀನಿ ನಾ! ಶನಿವಾರ ಬಂದು, 'ಏನೋ ಚಿದ್ಯಾ, ಎಲ್ಲಿಗೆ ಹೋಗಿದ್ದಿ ಇಷ್ಟು ದಿನಾ' ಅಂದಾ."

"ಅಂದ್ರ ಶಶಾಂಕನ ಹಂಗ."

"ನಾ ಹೇಳ್ಲಿಲ್ಲೇನ್ರಿ? ತಲಿನೋವು ಅಂತ." ಚಿದಂಬರ ನಕ್ಕರು. ನಗುತ್ತಿದ್ದಂತೆ ಕಣ್ಣು ಒದ್ದೆಯಾಗಿ, ಬಶಿಯನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು.

ಭಾದ್ರಪದದಲ್ಲಿ ಘೃಷ್ಣೇಶ್ವರನ ದರ್ಶನದ ನೆವ ಮಾಡಿ ಬಾಯಿಯವರು ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದರು. ಶಶಾಂಕನೇ ನಿಲ್ದಾಣಕ್ಕೆ ಬಂದು ಚೀಲ ಹೊತ್ತು ಮನೆಗೆ ಕರೆತಂದನು. ಊರ್ಮಿಳಾ ಶಾಲೆಗೆ ಪಾಠ ಹೇಳಲು ಹೋಗಿದ್ದಳು. "ಕೂಡ್ರಿ ಅಜ್ಜಿ, ಒಂದು ಮಿನಿಟು, ಚಹಾಕ್ಕ ಇಡ್ತೀನಿ," ಎಂದು ಒಲೆ ಹಚ್ಚಿ, ಹಾಲು ಕಾಯುವವರೆಗೆಂದು ಮೇಜಿನ ಮುಂದೆ ಕುಳಿತನು. ಹಾಲು ಕಾದಿತು, ಉಕ್ಕಿತು, ಒಲೆ ಆರಿತು. ಬಾಯಿಯವರು ಎದ್ದು ಗ್ಯಾಸು ಬಂದ್ ಮಾಡಿ, ಕಟ್ಟೆ ಒರೆಸಿ, ತಾವೇ ಚಹಾ ಮಾಡಿ, ಅವನ ಮೊಣಕೈಯ ಹತ್ತಿರ ಒಂದು ಲೋಟ ಇಟ್ಟು, ಎದುರಿಗೆ ಕುಳಿತು ನೋಡಿದರು. ಅವನ ತುಟಿ ಅಲ್ಲಾಡುತ್ತಿತ್ತು. ಮುಖದಲ್ಲಿ ದುಃಖವೂ ಇಲ್ಲ, ಸುಖವೂ ಇಲ್ಲ. ಬಾವಿಯೊಳಗೆ ಬಗ್ಗಿ ನೋಡುವವನ ಮುಖ. ಆ ಮುಖ ಅವರಿಗೆ ಪರಿಚಿತವಾಗಿತ್ತು.

ಬಹಳ ಹೊತ್ತಿನ ಮೇಲೆ ಅವನು ತಲೆಯೆತ್ತಿ, "ಅರೇ ಅಜ್ಜಿ, ಯಾವಾಗ ಬಂದ್ರಿ?" ಎಂದನು.

"ನೀನ ಕರ್ಕೊಂಡು ಬಂದಿಯಲ್ಲೋ ಪುಣ್ಯಾತ್ಮಾ!"

ಅವನು ನಾಚಿ ಕಿವಿ ಕೆಂಪು ಮಾಡಿಕೊಂಡನು. ಬಾಯಿಯವರು ಆ ಸಂದರ್ಭವನ್ನೇ ಹಿಡಿದು ಕೇಳಿದರು: "ಆ ಕನ್ನಡಿ ನಿನಗ್ಯಾಕ ಬೇಕು? ನೀನೂ ಚಂದ್ರನ್ನ ನೋಡಾಂವೇನು?"

"ಚಂದ್ರನ ಫೋಟೋ ಬೇಕಾದಷ್ಟು ಅವ ಅಜ್ಜಿ." ಅವನು ಕನ್ನಡದ ಶಬ್ದಗಳನ್ನು ಹುಡುಕಿ ಹುಡುಕಿ ಜೋಡಿಸಿದನು. "ಆ ಕನ್ನಡೀದು ಗುಣಿ ಅದ ಅಲ್ಲಾ, ಅದರ ವಳಣ, ಅಂದ್ರ ಬಾಗು, ಪಕ್ಕಾ ಒಂದೇ ಥರದ್ದು ಇರ್ಬೇಕು. ಸಾಬೂನಿನ ಗುಳ್ಳಿ ಪದರಕ್ಕಿಂತಾ ಕಮ್ಮಿ ಫರಕ್ ಆದ್ರೂ ನಡಿಯಂಗಿಲ್ಲ. ಅಂಥಾದ್ದು, ಕೈಲೆ! ಬರೇ ಕೈಲೆ ಮಾಡ್ಲಿಕ್ಕೆ ಆಗ್ತದೋ ಇಲ್ಲೋ? ನನಗ ಅದು ನೋಡ್ಬೇಕು."

ಊರಿಗೆ ಮರಳುವಾಗ ಬಸ್ಸಿನ ಕಿಟಕಿಯಲ್ಲಿ ಗಂಗಾಪುರದ ಕಡೆಯ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಬಾಯಿಯವರ ಪ್ರಶ್ನೆ ಬಿಡಿಸಿಕೊಳ್ಳುವ ಬದಲು ಇನ್ನಷ್ಟು ಗಂಟಾಗಿತ್ತು. ಇಬ್ಬರಲ್ಲೂ ಗಂಡನಿದ್ದರು, ಇಬ್ಬರಲ್ಲೂ ಅರ್ಧ. ಕೊನೆಗೆ ಒಂದು ನಿರ್ಧಾರ ಮಾಡಿದರು: ನವರಾತ್ರಿಯ ರಜೆಯಲ್ಲಿ ಇಬ್ಬರೂ ಕೂಡಿ ಕೆಲಸ ಮಾಡಲಿ, ಹೊಳಪು ಮುಗಿಯುವುದರೊಳಗೆ ಯಾರ ಕೈಯಲ್ಲಿ ರಾಯರ ಕೈ ಇದೆ ಎಂಬುದು ಕಂಡೇ ಕಾಣುತ್ತದೆ.

ಶಶಾಂಕ ಬಂದನು. ಮೊದಲ ದಿನವೆಲ್ಲ ಜಗಳದಲ್ಲಿ ಹೋಯಿತು. ಅನ್ವಿತಾ ಆಗಲೇ ದುರ್ಬೀನು ಮಾಡುವ ಹವ್ಯಾಸಿಗಳ ಗುಂಪಿನಲ್ಲಿ ಸೇರಿ, ಹತ್ತು ಜನರನ್ನು ಕೇಳಿ, ಅವರು ಹೇಳಿದ್ದನ್ನೆಲ್ಲ ಬರೆದ ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿದ್ದಳು. ಶಶಾಂಕ ಅವುಗಳಲ್ಲಿ ಅರ್ಧವನ್ನು ತಪ್ಪೆಂದು ಕಿತ್ತನು. ಎರಡನೆಯ ದಿನದಿಂದ ಸರದಿಯ ಮೇಲೆ ಪೀಪಾಯಿ ಸುತ್ತತೊಡಗಿದರು. ಕನ್ನಡಿಯನ್ನು ಗೋಡೆಗಾನಿಸಿ, ಒಂದು ಸಣ್ಣ ದೀಪದ ಬೆಳಕು ಅದರಿಂದ ಮರಳಿ ಬರುವಾಗ ಬ್ಲೇಡಿನ ಅಂಚನ್ನು ಅಡ್ಡ ಹಿಡಿದು ನೋಡಿದರೆ, ಗಾಜಿನ ತಗ್ಗು-ಉಬ್ಬುಗಳೆಲ್ಲ ನೆರಳಾಗಿ ಕಾಣುತ್ತವಂತೆ. ಅನ್ವಿತಾ ಅಜ್ಜಿಯನ್ನು ಎಳೆತಂದು ಕೂರಿಸಿ ತೋರಿಸಿದಳು. "ದಿಸ್ಲಾ ಕಾ, ಕಾಣಿಸ್ತೇನು? ನೋಡ್ರಿ, ಹೋಳಿಗಿ ಹಂಗ ಉಬ್ಬೇದ!" ಬಾಯಿಯವರಿಗೆ ಏನೂ ಕಾಣಲಿಲ್ಲ, ಹೌದೆಂದರು.

ಖಂಡೇನವಮಿ ಬಂತು. ಸೂತಕದ ವರ್ಷ ಕಳೆದು ಮನೆಯಲ್ಲಿ ನಡೆಯುವ ಮೊದಲ ನವರಾತ್ರಿ. ಆಯುಧಪೂಜೆಯನ್ನು ಬಾಯಿಯವರು ಮನಸಾರೆ ಮಾಡಿದರು. ಈಳಿಗೆಮಣೆ, ಮಗನ ಸ್ಕೂಟರು, ಸೊಸೆ ಸುಮನಳ ಹೊಲಿಗೆಯಂತ್ರ, ರಾಯರ ಸ್ಕ್ರೂಡ್ರೈವರುಗಳು, ಎಲ್ಲವೂ ತೊಳೆದು ಸಾಲಾಗಿ ಕುಳಿತವು. ಮೊಮ್ಮಕ್ಕಳಿಬ್ಬರೂ ಪಂಚವಟಿಗೆ ಹೋಗಿದ್ದಾಗ ಬಾಯಿಯವರು ಮಹಡಿ ಹತ್ತಿದರು. ಪೀಪಾಯಿಯ ಮೇಲೆ ರಾಳದ ಬಿಲ್ಲೆಯನ್ನು ಮುಚ್ಚಿದ್ದ ಬೋಗುಣಿಯನ್ನು ತೆಗೆದು, ಅದರ ಸುತ್ತ ಹಲಗೆಯ ಮೇಲೆ ಪುಟ್ಟದೊಂದು ಪದ್ಮದ ರಂಗೋಲಿ ಬಿಡಿಸಿದರು. ಕುಂಕುಮವನ್ನು ಸೊಸೆಯ ಕೈಯಿಂದ ಇಡಿಸಿದರು. ಚೆಂಡುಹೂವು ಏರಿಸಿ, ಕೈಮುಗಿದು, "ನಿನ್ನ ಭಕ್ತನ ಕೆಲಸ ಪೂರೈಸಪ್ಪಾ," ಎಂದು ಬೇಡಿಕೊಂಡರು.

ಮರುದಿನ ದಸರೆ. ಮಕ್ಕಳು ಹೂವು ತೆಗೆದು, ಹಸಿ ಬಟ್ಟೆಯಿಂದ ಹಲಗೆ ಒರೆಸಿ, ಅದೇ ಬಟ್ಟೆಯಿಂದ ರಾಳವನ್ನೂ ಒರೆಸಿ ಕೆಲಸಕ್ಕೆ ಕೈ ಹಾಕಿದರು. ಕೆಳಗೆ ಶ್ರೀಖಂಡಕ್ಕೆ ಗಟ್ಟಿ ಮೊಸರು ಸೋಸುತ್ತಿದ್ದ ಬಾಯಿಯವರಿಗೆ ಮೇಲಿನಿಂದ ಒಂದು ಕೀಚಲು ಸದ್ದು ಕೇಳಿಸಿತು. ಆಮೇಲೆ ಅನ್ವಿತಾಳ ಕೂಗು.

ಹತ್ತಿ ಹೋಗಿ ನೋಡಿದರೆ, ಗಾಜಿನ ನಡುಭಾಗದಲ್ಲಿ ಬೆಕ್ಕು ಪರಚಿದಂತೆ ಗೆರೆಗಳು ಬಿದ್ದಿದ್ದವು.

"ನೀ ಕಿಟಕಿ ತೆಗೆದಿದ್ದಿ! ಧೂಳು ಬಂತು!"

"ನೀ ಕೈ ತೊಳೀಲಿಲ್ಲ! ಭಜಿ ತಿಂದು ಬಂದಿದ್ದಿ!"

ಶಶಾಂಕ ಜಗಳ ಬಿಟ್ಟು ಭೂತಗನ್ನಡಿ ಹಿಡಿದು ರಾಳದ ಮೇಲೆ ಬಗ್ಗಿದನು. ಸೂಜಿಯ ಮೊನೆಯಿಂದ ಏನನ್ನೋ ಎತ್ತಿ ಬೆರಳ ತುದಿಗೆ ಇಟ್ಟುಕೊಂಡನು. ಬಿಳಿಯ ಕಣ. ಬಾಯಿಯವರು ಅದನ್ನು ಎರಡು ಬೆರಳ ನಡುವೆ ತೆಗೆದುಕೊಂಡು ಉಜ್ಜಿದರು. ಸಣ್ಣಂದಿನಿಂದ ಪ್ರತಿ ಬೆಳಿಗ್ಗೆ ಆ ಬೆರಳುಗಳ ನಡುವಿನಿಂದ ಜಾರಿದ ಪುಡಿ. ಗುರುತು ಹತ್ತಲು ಕಣ್ಣು ಬೇಕಾಗಲಿಲ್ಲ. ಬೆಣಚುಕಲ್ಲಿನ ಪುಡಿ.

"ರಂಗೋಲಿ," ಎಂದರು. "ನಾ ಹಾಕಿದ್ದು."

ಬಾಯಿಯವರು ಗೋಡೆ ಹಿಡಿದು ಮೆಲ್ಲನೆ ಸ್ಟೂಲಿನ ಮೇಲೆ ಕುಳಿತರು. ಗಂಡ ಉಟ್ಟದ್ದನ್ನೂ ಬದಲಿಸಿ ಕಾಪಾಡಿದ ಗಾಜನ್ನು ತಾವು ಪೂಜೆಯಿಂದಲೇ ಕೆಡಿಸಿದ್ದರು.

ಆಮೇಲೆ ನಡೆದದ್ದನ್ನು ಅವರು ದುಃಖದ ನಡುವೆಯೂ ಗಮನಿಸದೆ ಇರಲಾಗಲಿಲ್ಲ. ಅನ್ವಿತಾ ಮೊದಲು ಅತ್ತಳು, ಅಜ್ಜಿಯನ್ನು ತಬ್ಬಿಕೊಂಡಳು, ಕಣ್ಣೊರೆಸಿಕೊಳ್ಳುವುದರೊಳಗೆ ಫೋನು ಎತ್ತಿ ಪುಣೆಯವರೊಬ್ಬರನ್ನೂ ಬೆಳಗಾವಿಯವರೊಬ್ಬರನ್ನೂ ಕೇಳಿದಳು, ಗೆರೆಗಳ ಫೋಟೋ ಕಳಿಸಿದಳು, ಯಾರೋ ಹೇಳಿದ ಮಾತಿಗೆ ನಕ್ಕಳು. ಶಶಾಂಕ ಮೂಲೆಯಲ್ಲಿ ಕನ್ನಡಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತವನು ಊಟಕ್ಕೂ ಏಳಲಿಲ್ಲ. ಸುಮನ ಕರೆದು ಸೋತು, ಶ್ರೀಖಂಡದ ಬಟ್ಟಲನ್ನು ಅವನ ಪಕ್ಕದಲ್ಲಿಟ್ಟು ಹೋದಳು.

ಇಳಿಹೊತ್ತಿಗೆ ಅವನು ಬಾಯಿ ಬಿಟ್ಟನು.

"ಎರಡು ದಾರಿ ಅವ ಅಜ್ಜಿ. ಹಿಂಗ ಬಿಟ್ರ ಚಂದ್ರ ಛಲೋನ ಕಾಣ್ತಾನ. ಸಣ್ಣ ಚಿಕ್ಕಿ ಸುತ್ತ ಮಸುಕು ಬರ್ತದ. ಇಲ್ಲಾ, ಹಿಟ್ಟಿನಂಥಾ ಪುಡಿಗೆ ವಾಪಸ್ ಹೋಗಿ ಮತ್ತ ತೇಯಬೇಕು. ಗೆರಿ ಹೋಗ್ತಾವ. ಆದ್ರ..." ಅವನು ಕನ್ನಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದನು. "ಅಜ್ಜಾ ಕೊಟ್ಟ ಹೊಳಪೂ ಹೋಗ್ತದ. ಅವರು ಮಾಡಿದ ಮೇಲ್ಮೈ ಏನೂ ಉಳಿಯಂಗಿಲ್ಲ."

"ನಕೋ!" ಎಂದಳು ಅನ್ವಿತಾ. "ಅಜ್ಜಾನ ಕೈ ಅದ ಅದರ ಮ್ಯಾಲೆ. ಗೆರಿ ಇದ್ರ ಇರ್ಲಿ. ಮಂದೀಗೆ ಚಂದ್ರ ಕಂಡ್ರ ಸಾಕು, ಸಾಲಿ ಹುಡುಗ್ರು ಮಸುಕು ನೋಡ್ತಾರೇನು?"

"ಅಜ್ಜಾ ಇದ್ದಿದ್ರ ತೇಯ್ತಿದ್ರು."

"ನಿನಗೇನು ಗೊತ್ತು?"

ಇಬ್ಬರೂ ಅಜ್ಜಿಯ ಕಡೆ ತಿರುಗಿದರು.

ವಾರಿಜಾಕ್ಷಿಬಾಯಿ ಕನ್ನಡಿಯನ್ನು ಮಡಿಲಿಗೆ ತೆಗೆದುಕೊಂಡರು. ಅದು ಅವರು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಅದರೊಳಗೆ ತಮ್ಮ ಮುಖ ಮಸುಕಾಗಿ ಕಂಡಿತು. ಈ ಮನೆಯಲ್ಲಿ ರಾಯರ ಕೈ ಉಳಿದಿರುವ ಜಾಗ ಇನ್ನೆಲ್ಲಿದೆ? ಪಂಚೆಗಳನ್ನು ದಾನ ಕೊಟ್ಟಾಗಿತ್ತು. ಚಪ್ಪಲಿ ಹೋಗಿತ್ತು. ಇರಲಿ ಬಿಡಿ ಎಂದು ಹೇಳುವ ಮಾತು ಬಾಯಿಗೆ ಬಂದಿತ್ತು.

ಆಗ ಒಂದು ಬೇಸಿಗೆ ನೆನಪಾಯಿತು. ತೇಯುವ ಕೆಲಸ ಮುಗಿಯಿತು ಎನ್ನುವಾಗ ರಾಯರಿಗೆ ಗಾಜಿನ ಅಂಚಿನಲ್ಲಿ ಏನೋ ದೋಷ ಕಂಡಿತ್ತು. ಅಷ್ಟು ತಿಂಗಳ ದುಡಿಮೆಯನ್ನು ಅಳಿಸಿ, ಸಕ್ಕರೆಯಂಥ ಪುಡಿಯಿಂದ ಮತ್ತೆ ಆರಂಭಿಸಬೇಕು. ಅಯ್ಯೋ ಎಂದು ಬಾಯಿಯವರೇ ಮರುಗಿದ್ದರು. ರಾಯರು ಮಾತ್ರ ಎಲೆಗೆ ಎರಡನೆಯ ಹೋಳಿಗೆ ಬಿದ್ದವರಂತೆ ತೋಳೇರಿಸಿ ಎದ್ದಿದ್ದರು. ಅಂದು ಸಹಸ್ರನಾಮದ ದನಿ ಎಂದಿಗಿಂತ ಜೋರಾಗಿ ಕೆಳಗಿನ ಅಡಿಗೆಮನೆಯವರೆಗೆ ಕೇಳಿತ್ತು.

ಅವರಿಗೆ ಬೇಕಾದದ್ದು ಗಾಜಲ್ಲ. ಹಾಗಾದರೆ ಏನು? ಜನರಿಗೆ ತೋರಿಸುವುದೋ, ತಾವು ಮೈಮರೆಯುವುದೋ? ಮನೆಗೆ ಗಣಪತಿಯನ್ನು ತಂದು, ಇಷ್ಟು ಪ್ರೀತಿಯಿಂದ ಪೂಜಿಸಿ, ತಾವೇ ಒಯ್ದು ಗೋದಾವರಿಗೆ ಬಿಟ್ಟು ಬರುವ ಜನ ನಾವು. ಆ ಮಣ್ಣನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಇಷ್ಟು ಮಾತ್ರ ಅವರಿಗೆ ಸ್ಪಷ್ಟವಾಯಿತು.

"ತೇಯ್ರಿ," ಎಂದರು.

ಅನ್ವಿತಾಳ ಕಣ್ಣು ತುಂಬಿತು. "ಅಜ್ಜಿ, ಖರೇನ? ಆಮ್ಯಾಲೆ ವಾಪಸ್ ಬರಂಗಿಲ್ಲ ಅದು."

"ಗೊತ್ತದ ಅವ್ವಾ. ಮೊದಲ ನೆಲಾ ತೊಳೀರಿ. ಹಲಗೀನೂ. ನಾನೂ ಸೀರಿ ಬದಲಿಸಿ ಬರ್ತೀನಿ."

"ನೀವ್ಯಾಕ ಅಜ್ಜಿ?" ಎಂದನು ಶಶಾಂಕ.

"ಮೊದಲ ನಾನ ಉಜ್ಜಾಕಿ. ಕೆಡಿಸಿದಾಕಿ ನಾ ಅಲ್ಲೇನು?"

"ಮತ್ತ ಕನ್ನಡಿ ಯಾರಿಗೆ?"

"ಸದ್ಯಕ್ಕ ನನಗ. ನಿಮ್ಮದು ಆಮ್ಯಾಲೆ ನೋಡೋಣ."

ಮರುದಿನ ನೆಲ ಆರಿದ ಮೇಲೆ ಶಶಾಂಕ ಹಳೆಯ ರಾಳವನ್ನು ಕೆತ್ತಿ ತೆಗೆದು, ಬರಿಯ ಗಾಜಿನ ಮೇಲೆ ಬೂದು ಬಣ್ಣದ ಪುಡಿಯನ್ನು ಚಿಮುಕಿಸಿ ನೀರು ಹನಿಸಿದನು. ಬಾಯಿಯವರು ಕನ್ನಡಿಯನ್ನು ಕೆಳಮುಖ ಮಾಡಿ ಇಟ್ಟು, ಎರಡೂ ಅಂಗೈ ಊರಿ, ಒಮ್ಮೆ ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರು. ನುಚ್ಚು ಬೀಸುವ ಕಲ್ಲಿನಂಥ ಸದ್ದು.

"ಒತ್ತಬ್ಯಾಡ್ರಿ ಅಜ್ಜಿ, ಅದರ ಭಾರಕ್ಕ ಅದ ತೇಯ್ತದ," ಎಂದನು ಶಶಾಂಕ.

"ಥಾಂಬಾ, ತಡೀರಿ, ಇನ್ನೊಮ್ಮೆ! ವಿಡಿಯೋ ಬರ್ಲಿಲ್ಲ," ಎಂದಳು ಅನ್ವಿತಾ, ಮೂಗು ಒರೆಸಿಕೊಳ್ಳುತ್ತ.

ಬಾಯಿಯವರು ಒಂದು ಸುತ್ತು ನಡೆದು ಕನ್ನಡಿಯನ್ನು ಎತ್ತಿ ನೋಡಿದರು. ರಾಯರ ಹೊಳಪು ಆಗಲೇ ಮಬ್ಬಾಗಿತ್ತು. ತಮ್ಮ ಮುಖ ಅದರಲ್ಲಿ ಕಾಣಲಿಲ್ಲ. ಆದರೆ ಬೆರಳು ಗಾಜಿನ ಮೇಲೆ ಅಂಚಿನಿಂದ ನಡುವಿಗೆ ತಾನಾಗಿ ಇಳಿಯಿತು, ಮತ್ತೆ ಏರಿತು. ಎಷ್ಟು ಸಣ್ಣ ಇಳಿತ! ಅವರ ಕೈ ಅಲ್ಲೇ ನಿಂತಿತು.

"ಅಲ್ಲೋ ಶಶಾಂಕ," ಎಂದರು. "ಎರಡೂ ಸಪಾಟ ಗಾಜು ತಂದಿದ್ರು ಅವರು, ನನ್ನ ಕಣ್ಣ ಮುಂದ. ಎರಡನ್ನೂ ಒಂದರ ಮ್ಯಾಲೊಂದು ಇಟ್ಟು ಉಜ್ಜಿದ್ರ ಎರಡೂ ಸಪಾಟನ ಇರ್ಬೇಕಲ್ಲಾ? ಮ್ಯಾಲಿಂದು ಯಾಕ ಗುಣಿ ಆಗ್ತದ, ಕೆಳಗಿಂದು ಯಾಕ ಉಬ್ತದ?"

ಇಷ್ಟು ವರ್ಷಗಳಲ್ಲಿ ಈ ಕೋಣೆಯ ಬಾಗಿಲಲ್ಲಿ ನಿಂತು ಅವರು ರಾಯರಿಗೆ ಕೇಳಿದ್ದು ಒಂದೇ ಪ್ರಶ್ನೆ, ಊಟಕ್ಕೆ ಯಾವಾಗ ಬರುತ್ತೀರಿ ಎಂದು.

ಮೊಮ್ಮಕ್ಕಳಿಬ್ಬರೂ ಒಟ್ಟಿಗೆ ಬಾಯಿ ತೆರೆದರು. ಒಬ್ಬಳು ಉಜ್ಜಿ ತೋರಿಸಲು ಎರಡು ತಾಟುಗಳಿಗಾಗಿ ಅಡಿಗೆಮನೆಗೆ ಓಡಿದಳು. ಇನ್ನೊಬ್ಬನು ಪೆನ್ಸಿಲು ಹುಡುಕತೊಡಗಿದನು. ವಾರಿಜಾಕ್ಷಿಬಾಯಿ ಯಾರ ಉತ್ತರಕ್ಕೂ ಕಾಯದೆ ಕನ್ನಡಿಯನ್ನು ಮತ್ತೆ ಪೀಪಾಯಿಯ ಮೇಲಿಟ್ಟು, ಈ ಸಲ ಒತ್ತದೆ, ಅದು ಎಲ್ಲಿ ಸವೆಯುತ್ತದೆ ಎಂದು ಅಂಗೈಯಿಂದಲೇ ಆಲಿಸುತ್ತ ಮೆಲ್ಲಗೆ ತಳ್ಳಿದರು.